ಸಾಕ್ಷಿಗಾಗಿ ಕಾದ ಮಂಗಳಯಾನ

ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ಪೀಣ್ಯ ಸಿಗುತ್ತದೆ. ಮಂಗಳಯಾನವನ್ನು ಬಾನಿನಲ್ಲಿ ನಡೆಸಿದ ಇಸ್ರೋ ಕೇಂದ್ರ ಇರುವುದು ಅಲ್ಲಿಯೇ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೆನಪಾಗುವುದು ಯಾನದ ಗೆಲುವಿಗಿಂತ ಹೆಚ್ಚಾಗಿ ಅದು ಹೊರಡುವ ಮುನ್ನ ಕಾದ ಒಂದು ವಾರ.

ಉಡಾವಣೆಗೆ ಮೊದಲು ಗೊತ್ತಾಗಿದ್ದ ದಿನ 2013ರ ಅಕ್ಟೋಬರ್ 28. ಅದನ್ನು ತಪ್ಪಿಸಿದ ಕೆಟ್ಟ ಹವೆ ಶ್ರೀಹರಿಕೋಟೆಯದಲ್ಲ, ದೂರದ ದಕ್ಷಿಣ ಪೆಸಿಫಿಕ್ ಸಾಗರದ್ದು. ಪಿ.ಎಸ್.ಎಲ್.ವಿ. ರಾಕೆಟ್ಟು ಮೂರನೆಯ ಹಂತ ಉರಿದು ಮುಗಿದ ಮೇಲೆ ಸುಮಾರು 25 ನಿಮಿಷ ಹಾಗೆಯೇ ಸಾಗಿ, ಆ ಸಾಗರದ ಮೇಲೆ ನಾಲ್ಕನೆಯ ಹಂತವನ್ನು ಹೊತ್ತಿಸಿಕೊಂಡು ನೌಕೆಯನ್ನು ಬಿಡಬೇಕಾಗಿತ್ತು. ಅದನ್ನು ಕಾಣಲು ಅಲ್ಲಿ ನೆಲದ ಮೇಲಿನ ಕೇಂದ್ರಗಳಿರಲಿಲ್ಲ. ಆದಕಾರಣ ಆಂಟೆನಾಗಳನ್ನು ಹೊತ್ತ 'ನಳಂದಾ', 'ಯಮುನಾ' ಎಂಬ ಎರಡು ಹಡಗುಗಳನ್ನು ಕಳುಹಿಸಿದ್ದರು. ಕಡಲ ಹವೆಗೆ ಸಿಕ್ಕಿ ನಳಂದಾ ತಡವಾಯಿತು. ಉಡಾವಣೆಯೂ ಮುಂದೆ ಹೋಯಿತು.

ಹಡಗು ಇಲ್ಲದಿದ್ದರೂ ರಾಕೆಟ್ಟು ಹಾರುತ್ತಿತ್ತು. ಅದರ ದಾರಿಯನ್ನು ನಿರ್ಣಯಿಸುವುದು ಅದರೊಳಗಿನ ಗಣಕಯಂತ್ರವೇ. ಹಡಗಿನ ಕೆಲಸ ನೋಡುವುದು. ಆದರೆ ಆ ನಿರ್ಜನ ಜಲರಾಶಿಯ ಮೇಲೆ ಏನಾದರೂ ಎಡವಟ್ಟಾಗಿದ್ದರೆ, ಎಲ್ಲಿ ಆಯಿತು, ಏಕೆ ಆಯಿತು ಎಂದು ಹೇಳಬಲ್ಲವರು ಯಾರು?

ಹಾಗೆಂದು ಕಾಯುವುದೇನೂ ಅಗ್ಗವಾಗಿರಲಿಲ್ಲ. ಮಂಗಳಕ್ಕೆ ಹೊರಡಲು ಅನುಕೂಲವಾದ ಕಾಲ ಒದಗುವುದು ಸುಮಾರು 26 ತಿಂಗಳಿಗೊಮ್ಮೆ. ಆ ಸಲದ ಉಡಾವಣೆಯ ಮುಹೂರ್ತ ನವೆಂಬರ್ 19ಕ್ಕೆ ಮುಗಿಯುತ್ತಿತ್ತು. ನವೆಂಬರ್ 5ರ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ ರಾಕೆಟ್ಟು ಮೇಲೇರಿತು. ಹಡಗುಗಳು ತಮ್ಮ ಎಡೆಯಲ್ಲಿದ್ದವು. ಬಳಿಕ 11ರಂದು, ಕಕ್ಷೆಯ ದೂರದ ತುದಿಯನ್ನು 1 ಲಕ್ಷ ಕಿಲೋಮೀಟರಿಗೆ ಏರಿಸುವ ಯತ್ನ 78,276ಕ್ಕೇ ನಿಂತಿತು. ಮರುದಿನ ಅದನ್ನು ಸರಿಪಡಿಸಿದರು. ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ನೌಕೆ ಭೂಮಿಯನ್ನು ಬಿಟ್ಟು ಹೊರಟಿತು. ಕೈಯಲ್ಲಿ ಉಳಿದಿದ್ದ ಒಂದೊಂದು ದಿನಕ್ಕೂ ಎಷ್ಟು ಬೆಲೆಯಿತ್ತೆಂಬುದು ಇದರಿಂದ ತಿಳಿಯುತ್ತದೆ. ಅಂಥ ದಿನಗಳಲ್ಲಿ ಒಂದು ವಾರವನ್ನು ಅವರು ಸಾಕ್ಷಿಗಾಗಿ ತೆತ್ತಿದ್ದರು.

ನಾನು ತರಗತಿಗಳಲ್ಲಿ ಹಳಗನ್ನಡ ಶಾಸನಗಳನ್ನು ಪಾಠ ಹೇಳಿದವನು. ಅನೇಕ ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ಕೊಂಡವನ ಹೆಸರು ಬಂದ ಮೇಲೆ ಸಾಕ್ಷಿಗಳ ಹೆಸರುಗಳು ಬರುತ್ತವೆ. ವಿದ್ಯಾರ್ಥಿಗಳಿಗೆ ಆ ಪಟ್ಟಿ ಬೇಸರ; ಎಷ್ಟೋ ವರ್ಷ ನಾನೂ ಅದನ್ನು ಬೇಗ ಬೇಗ ಓದಿ ದಾಟಿಸಿದ್ದೇನೆ. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿತೆಂಬ ಸುದ್ದಿ ಪೀಣ್ಯದಿಂದ ಬಂದಾಗ, ತಡವಾಗಿ ತಲುಪಿದ ಆ ಹಡಗು ನನ್ನ ನೆನಪಿಗೆ ಬಂತು. ಮುಂದೆ ತರಗತಿಯಲ್ಲಿ ಆ ಹೆಸರುಗಳನ್ನು ನಿಧಾನವಾಗಿ, ಒಂದನ್ನೂ ಬಿಡದೆ ಓದಿದೆ.