ಗಡಿ ದಾಟುವ ಮುನ್ನ ಬಂದೂಕಿನ ಪರವಾನಗಿ ಓದಿ

ಚಿಕ್ಕೋಡಿ: ನಿಪ್ಪಾಣಿಯ ಜನರಿಗೆ ಕಾಗಲ್, ಕೊಲ್ಹಾಪುರ, ಕಾಗವಾಡ, ಅಥಣಿಯವರಿಗೆ ಮಿರಜ್, ಸಾಂಗ್ಲಿ ಹತ್ತಿರದ ಊರುಗಳು. ವ್ಯಾಪಾರ, ಚಿಕಿತ್ಸೆ, ನೆಂಟಸ್ತಿಕೆಗೆ ಗಡಿ ಅಡ್ಡಿಯಾಗಿಲ್ಲ. ಆದರೆ ಬಂದೂಕಿಗೆ ಗಡಿ ಇದೆ. ಪರವಾನಗಿ ಪತ್ರದಲ್ಲಿ ನಮೂದಿಸಿದ ಪ್ರದೇಶದಾಚೆ ಅದನ್ನು ಒಯ್ಯುವುದು ಶಿಕ್ಷಾರ್ಹ.

ಹಕ್ಕಲ್ಲ, ಅನುಮತಿ

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಇದರನ್ವಯ ಬಂದೂಕು ಹೊಂದುವುದು ಹಕ್ಕಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳವರು ಬೆಳಗಾವಿ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಪೊಲೀಸ್ ವರದಿ ಪರಿಶೀಲಿಸಿದ ಬಳಿಕವೇ ತೀರ್ಮಾನ. 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ.

2019ರ ತಿದ್ದುಪಡಿಯ ಮುಖ್ಯಾಂಶಗಳು:

* ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿ 3ರಿಂದ 2ಕ್ಕೆ ಇಳಿಕೆ.
* ಪರವಾನಗಿ ಅವಧಿ 3ರಿಂದ 5 ವರ್ಷಕ್ಕೆ ಏರಿಕೆ.
* ಮದುವೆ, ಮೆರವಣಿಗೆಗಳ ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬೆಳೆ ರಕ್ಷಣೆಗಾಗಿ ರೈತರು ಪರವಾನಗಿ ಕೋರಬಹುದು. ಆದರೆ ಅದು ಬೇಟೆಗೆ ಅನುಮತಿಯಲ್ಲ. ಹಂದಿ, ಜಿಂಕೆಗಳನ್ನು ಕೊಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ಚುನಾವಣೆ ಘೋಷಣೆಯಾದಾಗ ಪರಿಶೀಲನಾ ಸಮಿತಿ ಸೂಚಿಸಿದವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಯುರೋಪಿನ ದಾರಿ

ಗಡಿಯ ಪ್ರಶ್ನೆಯನ್ನು ಯುರೋಪ್ ಒಕ್ಕೂಟ ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಬೇಟೆಗಾರರು ಮತ್ತು ಕ್ರೀಡಾಪಟುಗಳು 'ಯುರೋಪಿಯನ್ ಬಂದೂಕು ಪಾಸ್' ಹೊಂದಿ, ಪ್ರಯಾಣದ ಕಾರಣ ತೋರಿಸಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಹುದು. ಸೂಕ್ತ ಕಾರಣವಿಲ್ಲದೆ ಬಂದೂಕು ಕೊಡಬಾರದೆಂಬ ನಿಯಮ ಅಲ್ಲಿಯೂ ಇದೆ. ವಿವರಗಳು ಮಾತ್ರ ದೇಶದಿಂದ ದೇಶಕ್ಕೆ ಭಿನ್ನ.

* ಬ್ರಿಟನ್: 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಹಾಗೂ ಓರ್ವ ಶಿಕ್ಷಕಿ ಗುಂಡಿಗೆ ಬಲಿಯಾದ ಬಳಿಕ, 1997ರಲ್ಲಿ ಗ್ರೇಟ್ ಬ್ರಿಟನ್‌ನಲ್ಲಿ ಪಿಸ್ತೂಲುಗಳಿಗೆ ಬಹುತೇಕ ಸಂಪೂರ್ಣ ನಿಷೇಧ.
* ಜರ್ಮನಿ: ಅಗತ್ಯವನ್ನು ರುಜುವಾತುಪಡಿಸಬೇಕು. 25 ವರ್ಷದೊಳಗಿನವರು ಮೊದಲ ಬಂದೂಕಿಗೆ ಸಾಮಾನ್ಯವಾಗಿ ಮಾನಸಿಕ ಅರ್ಹತೆಯ ಪ್ರಮಾಣಪತ್ರ ನೀಡಬೇಕು.
* ಸ್ವಿಟ್ಜರ್ಲೆಂಡ್: 2019ರ ಜನಮತಗಣನೆಯಲ್ಲಿ ಸುಮಾರು ಶೇ 64 ಮತದಾರರು ಬಿಗಿ ನಿಯಮಗಳಿಗೆ ಸಮ್ಮತಿಸಿದರು.
* ಜೆಕ್ ಗಣರಾಜ್ಯ: ಕಾನೂನಿನ ಷರತ್ತಿಗೊಳಪಟ್ಟು ಶಸ್ತ್ರದಿಂದ ಆತ್ಮರಕ್ಷಣೆ ಮಾಡಿಕೊಳ್ಳುವ ಹಕ್ಕಿಗೆ 2021ರಲ್ಲಿ ಸಾಂವಿಧಾನಿಕ ಮಾನ್ಯತೆ.

ಹಲಗಲಿಯ ನೆನಪು

ಈ ಸೀಮೆಗೆ ಶಸ್ತ್ರ ಕಾಯ್ದೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ಹೇರಿದಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ದಂಗೆಯೆದ್ದರು. ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಕೊಡಗಿನಲ್ಲಿ ಮಾತ್ರ ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗಿರುವ ವಿನಾಯಿತಿ ಇಂದಿಗೂ ಮುಂದುವರಿದಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು.

ಗಡಿ ತಾಲೂಕುಗಳಿಗೆ ಅಂತಹ ವಿನಾಯಿತಿ ಇಲ್ಲ. ಪರವಾನಗಿಯ ವ್ಯಾಪ್ತಿ ಮತ್ತು ಅವಧಿ ಎರಡನ್ನೂ ನೋಡಿಕೊಂಡೇ ಬಂದೂಕುದಾರರು ಮನೆಯಿಂದ ಹೊರಡುವುದು ಒಳಿತು.