ಭಾಷಾ ಪ್ರಮಾಣಪತ್ರ ಮತ್ತು ವಿಷಯ ಶಿಕ್ಷಕ: ಇಟಲಿಯ ಕ್ಲಿಲ್ ತರಬೇತಿ

ವಿಷಯದ ಜೊತೆಗೇ ಪರಭಾಷೆಯನ್ನೂ ಕಲಿಸುವ ಕ್ಲಿಲ್ ಪದ್ಧತಿಯನ್ನು ಯುರೋಪಿನ ಹಲವು ದೇಶಗಳು ಶಾಲೆಗಳ ಇಚ್ಛೆಗೆ ಬಿಟ್ಟಿದ್ದರೆ, ಇಟಲಿ ಕಡ್ಡಾಯ ಮಾಡಿತು. 2010ರ ಸುಧಾರಣೆಯ ಪ್ರಕಾರ ಲಿಚೆಯೊ (ಉನ್ನತ ವ್ಯಾಸಂಗಕ್ಕೆ ಅಣಿಗೊಳಿಸುವ ಪ್ರೌಢಶಾಲೆ) ಹಾಗೂ ತಾಂತ್ರಿಕ ಶಾಲೆಗಳ ಕೊನೆಯ ವರ್ಷದಲ್ಲಿ ಭಾಷೇತರ ವಿಷಯವೊಂದನ್ನು ವಿದೇಶಿ ಭಾಷೆಯಲ್ಲಿ ಬೋಧಿಸಬೇಕು; ತಾಂತ್ರಿಕ ಶಾಲೆಗಳಲ್ಲಿ ಅದು ಇಂಗ್ಲಿಷೇ ಆಗಿರಬೇಕು. ಭಾಷಾ ಲಿಚೆಯೊಗಳಲ್ಲಿ ಈ ಕೆಲಸ ಮೂರನೆಯ ವರ್ಷಕ್ಕೇ ಶುರುವಾಗಿ, ನಾಲ್ಕನೆಯ ವರ್ಷಕ್ಕೆ ಎರಡನೆಯ ವಿದೇಶಿ ಭಾಷೆಯಲ್ಲಿ ಇನ್ನೊಂದು ವಿಷಯವೂ ಸೇರುತ್ತದೆ. ಹೊಣೆ ಭಾಷಾ ಶಿಕ್ಷಕರದಲ್ಲ. ಭೌತಶಾಸ್ತ್ರದ, ಇತಿಹಾಸದ ಮೇಷ್ಟರದೇ.

ಅವರನ್ನು ಸಜ್ಜುಗೊಳಿಸಲು ಅದೇ ವರ್ಷದ ಇನ್ನೊಂದು ಆದೇಶ ಎರಡು ಷರತ್ತು ಹಾಕಿತು: ಯುರೋಪಿನ ಭಾಷಾ ಮಾನದಂಡದಲ್ಲಿ ಸಿ1 ಮಟ್ಟ, ವಿಶ್ವವಿದ್ಯಾಲಯದಲ್ಲಿ 60 ಕ್ರೆಡಿಟ್‌ಗಳ ಕೋರ್ಸು. ಕ್ರೆಡಿಟ್ಟಿಗೆ 25 ಗಂಟೆಯಂತೆ ಅದು 1,500 ಗಂಟೆಗಳ ದುಡಿಮೆ. ಅದರಲ್ಲಿ 300 ಗಂಟೆ ತರಗತಿಯ ಅಭ್ಯಾಸ. ಆಗಲೇ ನೌಕರಿಯಲ್ಲಿದ್ದವರಿಗೆ ಇಷ್ಟು ಹೇರುವುದು ಆಗದ ಮಾತು. 2012ರಲ್ಲಿ ಅವರ ಮಟ್ಟಿಗೆ ಕೋರ್ಸು 20 ಕ್ರೆಡಿಟ್ಟಿಗೆ ಇಳಿಯಿತು. 2014ರಲ್ಲಿ, ಕೊನೆಯ ವರ್ಷದ ಕಡ್ಡಾಯ ಜಾರಿಗೆ ಬರುವ ಹೊತ್ತಿಗೆ, ಸಿ1ಗಾಗಿ ತರಬೇತಿ ಪಡೆಯುತ್ತಿದ್ದ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ2 ಮಟ್ಟದವರಿಗೂ ಅವಕಾಶ ಸಿಕ್ಕಿತು. ಗಮನಿಸಬೇಕಾದ ಸಂಗತಿಯೆಂದರೆ ಕೋರ್ಸಿನ ಗಂಟೆಗಳು ಮೂರರಲ್ಲೊಂದಕ್ಕೆ ಕುಗ್ಗಿದರೂ ಗುರಿಯಾಗಿ ಸಿ1 ಕದಲಲಿಲ್ಲ. ಬೋಧನಾಕ್ರಮಕ್ಕಿಂತ ಭಾಷೆಯ ಮಟ್ಟವೇ ಹೆಚ್ಚು ಎಂಬ ಎಣಿಕೆ ಇದರ ಹಿಂದಿದೆ. ನನ್ನ ತಕರಾರು ಇರುವುದು ಅಲ್ಲಿಯೇ.

ಒಂದು ಪಾಠವನ್ನು ಊಹಿಸಿಕೊಳ್ಳೋಣ. ಮಂಜುಗಡ್ಡೆ ನೀರಿನ ಮೇಲೆ ಏಕೆ ತೇಲುತ್ತದೆ? ಶಿಕ್ಷಕಿ ಸೊಗಸಾದ ಇಂಗ್ಲಿಷಿನಲ್ಲಿ ವಿವರಿಸಿ ಪ್ರಶ್ನೆ ಕೇಳುತ್ತಾರೆ. ‘ಡೆನ್ಸಿಟಿ’ ಎನ್ನುತ್ತಾನೆ ಹುಡುಗ. ‘ಗುಡ್’ ಎಂದು ಅವರು ಮುಂದೆ ಸಾಗುತ್ತಾರೆ. ಭೌತಶಾಸ್ತ್ರ ಮುಂದೆ ಹೋಯಿತು. ಹುಡುಗನ ಇಂಗ್ಲಿಷ್ ಒಂದೇ ಪದಕ್ಕೆ ನಿಂತಿತು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಆದ್ದರಿಂದ ಅಷ್ಟೇ ಗಾತ್ರದ ಮಂಜುಗಡ್ಡೆ ನೀರಿಗಿಂತ ಹಗುರ: ಈ ಕಾರಣ ಸರಣಿಯನ್ನು ಹುಡುಗ ತಾನೇ ಪೋಣಿಸಿ ಹೇಳಬೇಕಿತ್ತು. ಅದಕ್ಕೆ ಬೇಕಾದ ‘ಏಕೆಂದರೆ’, ‘ಅಷ್ಟೇ’, ‘ಹೋಲಿಸಿದರೆ’ಗಳನ್ನು ಶಿಕ್ಷಕಿ ಮೊದಲೇ ಒದಗಿಸಬೇಕಿತ್ತು. ಇದು ಶಿಕ್ಷಕಿಯ ಇಂಗ್ಲಿಷಿನ ಕೊರತೆಯಲ್ಲ, ತನ್ನ ವಿಷಯದೊಳಗಿನ ಭಾಷೆ ಕಣ್ಣಿಗೆ ಬೀಳದಿರುವುದು. ಆಸ್ಟ್ರಿಯಾದ ಕ್ಲಿಲ್ ತರಗತಿಗಳ ಮಾತನ್ನು ವಿಶ್ಲೇಷಿಸಿದ ಕ್ರಿಸ್ಟಿಯಾನೆ ಡಾಲ್ಟನ್-ಪುಫರ್ ಅವರ 2007ರ ಅಧ್ಯಯನವೂ ವ್ಯಾಖ್ಯಾನಿಸುವುದು, ಊಹೆ ಮಂಡಿಸುವುದು ಇಂಥ ತರಗತಿಗಳಲ್ಲಿ ವಿರಳವೆಂದೇ ತೋರಿಸಿತು.

ಬೆಂಗಳೂರಿಗೂ ಈ ಚರ್ಚೆಯಲ್ಲಿ ಪಾಲಿದೆ. 1979ರಿಂದ 1984ರವರೆಗೆ ಭಾಷಾ ಬೋಧನಾ ತಜ್ಞ ಎನ್. ಎಸ್. ಪ್ರಭು ನಡೆಸಿದ ‘ಬೆಂಗಳೂರು ಯೋಜನೆ’ ಕ್ಲಿಲ್ ಅಲ್ಲ, ಶುದ್ಧ ಇಂಗ್ಲಿಷ್ ಬೋಧನೆ. ಆದರೆ ಮಕ್ಕಳ ಗಮನ ಭಾಷೆಗಿಂತ ಬಿಡಿಸಬೇಕಾದ ಸಮಸ್ಯೆಯ ಮೇಲಿರಬೇಕು ಎಂಬ ತತ್ವ ಎರಡಕ್ಕೂ ಸಮಾನ. ರೈಲ್ವೆ ವೇಳಾಪಟ್ಟಿಯಂಥದ್ದನ್ನು ಹಿಡಿದು ಶಿಕ್ಷಕರು ಇಡೀ ತರಗತಿಯೊಂದಿಗೆ ಗಟ್ಟಿಯಾಗಿ ಒಂದು ಲೆಕ್ಕ ಬಿಡಿಸುತ್ತಿದ್ದರು. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಬಿಡಿಸಬೇಕಿತ್ತು. ಮೊದಲ ಸುತ್ತಿನಲ್ಲಿ ಕಿವಿಗೆ ಬಿದ್ದ ಮಾತೇ ಎರಡನೆಯದಕ್ಕೆ ಆಸರೆ. ಯೋಜನೆಯ ಜಾರಿಯನ್ನು ಮುಂದೆ ಪರಿಶೀಲಿಸಿದ ಅಲನ್ ಬೆರೆಟಾ ಕಂಡದ್ದೂ ಮುಖ್ಯ: ಶಾಲೆಯ ಖಾಯಂ ಶಿಕ್ಷಕರು ಪದ್ಧತಿಯನ್ನು ಮೈಗೂಡಿಸಿಕೊಂಡದ್ದು, ಹೊರಗಿನಿಂದ ಬಂದು ಪಾಠ ಮಾಡಿದವರಿಗಿಂತ ಕಡಿಮೆ. ಖಾಯಂ ಶಿಕ್ಷಕರಲ್ಲಿ ಇಂಗ್ಲಿಷಿನ ಬಗೆಗಿನ ಅಳುಕೂ ಇತ್ತು. ಹಾಗಾಗಿ ಭಾಷೆಯ ಮಟ್ಟ ಲೆಕ್ಕಕ್ಕಿಲ್ಲವೆಂದು ನಾನು ಹೇಳಲಾರೆ. ಅದು ಹೊಸ್ತಿಲು ಮಾತ್ರ, ತರಬೇತಿಯ ಅಳತೆಗೋಲಾಗಬಾರದು.

ಇಟಲಿಯ 2014ರ ಸೂಚನೆಯಲ್ಲಿ ಇನ್ನೊಂದು ಮಾತಿತ್ತು. ಅರ್ಹ ಶಿಕ್ಷಕರಿಲ್ಲದ ಕಡೆ ವಿಷಯ ಶಿಕ್ಷಕರು ಭಾಷಾ ಶಿಕ್ಷಕರ ಜೊತೆಗೂಡಿ ಅಂತರಶಿಸ್ತೀಯ ಪಾಠಗಳನ್ನು ರೂಪಿಸಬಹುದು. ತಾತ್ಕಾಲಿಕ ಪರಿಹಾರವೆಂದು ಸೂಚಿಸಿದ ಇದೇ ಅಸಲು ತರಬೇತಿಯಾಗಬಲ್ಲದು. ಮಂಜುಗಡ್ಡೆಯ ಪಾಠವನ್ನು ಇಬ್ಬರೂ ಕೂತು ಕೇಳಿದರೆ ‘ಡೆನ್ಸಿಟಿ’ ಎಂಬ ಒಂಟಿ ಉತ್ತರ ಭಾಷಾ ಶಿಕ್ಷಕರ ಕಿವಿಗೆ ಮೊದಲು ತಾಕುತ್ತದೆ. ಅಲ್ಲಿ ಯಾವ ವಾಕ್ಯ ಬರಬೇಕಿತ್ತು ಎಂಬುದನ್ನು ವಿಷಯ ಶಿಕ್ಷಕರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಇದಕ್ಕೆ ವಾರಕ್ಕೊಂದು ಜಂಟಿ ಗಂಟೆಯಾದರೂ ಬೇಕು. ಲಿಚೆಯೊಗಳ 2010ರ ನಿಯಮವೋ, ಈ ಬೋಧನೆ ಈಗಿರುವ ಹುದ್ದೆಗಳ ಮಿತಿಯೊಳಗೇ ನಡೆಯಬೇಕೆಂದು ಬರೆದಿಟ್ಟಿದೆ. ಆ ಗಂಟೆಗೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ.