ಇಲ್ಲದ ಉಗ್ರಾಣದ ಲೆಕ್ಕ

ಭತ್ತ ಅಳೆಯುವವನ ಕೈಗೇ ಕಣಜದ ಬೀಗದ ಕೈಯನ್ನೂ ಲೆಕ್ಕದ ಪುಸ್ತಕವನ್ನೂ ಕೊಡಬಾರದೆಂಬುದು ಸಂಸಾರವಂತರೆಲ್ಲ ಬಲ್ಲ ವಿವೇಕ. ದೊಡ್ಡ ಕಂಪೆನಿಗಳಲ್ಲಿ 'ಆಂತರಿಕ ನಿಯಂತ್ರಣ' ಎಂಬ ಭಾರವಾದ ಹೆಸರಿನಿಂದ ಕರೆಯುವುದು ಮೂಲದಲ್ಲಿ ಇದನ್ನೇ. ಸರಕು ಕೊಳ್ಳುವವನೊಬ್ಬ, ಅದನ್ನು ಎಣಿಸಿ ಒಳಗಿಡುವವನೊಬ್ಬ, ಹಣ ಕೊಡುವವನು ಮತ್ತೊಬ್ಬ. ಒಬ್ಬನ ಕೆಲಸಕ್ಕೆ ಇನ್ನೊಬ್ಬನ ಕೆಲಸವೇ ಸಾಕ್ಷಿ. ಈ ಕಟ್ಟು ಸಡಿಲಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧದ ಕಂಪೆನಿಯ ಇತಿಹಾಸ ತೋರಿಸಿಕೊಡುತ್ತದೆ.

1833ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಸಂಸ್ಥೆಯನ್ನು 1926ರಲ್ಲಿ ಎಫ್. ಡೊನಾಲ್ಡ್ ಕೋಸ್ಟರ್ ಎಂಬಾತನು ಕೊಂಡನು. ವ್ಯಾಪಾರ ಬೆಳೆಯಿತು; ಕೋಸ್ಟರನು ಗಣ್ಯನೆನಿಸಿದನು. ಆದರೆ ಆತನ ನಿಜನಾಮ ಫಿಲಿಪ್ ಮ್ಯೂಸಿಕ. ವಂಚನೆಗಾಗಿ ಹಿಂದೆಯೇ ಸೆರೆಮನೆ ಕಂಡಿದ್ದವನು. ಅವನ ಮೂವರು ತಮ್ಮಂದಿರೂ ಹೆಸರು ಬದಲಿಸಿಕೊಂಡು ಜೊತೆಗಿದ್ದರು. ಒಬ್ಬನು ಸಹಾಯಕ ಖಜಾಂಚಿ. ಇನ್ನೊಬ್ಬನ ವಶದಲ್ಲಿ ಸರಕು ಸಾಗಣೆಯ ವಿಭಾಗ. ಮೂರನೆಯವನು ಹೊರಗೆ ಕುಳಿತು ಹೆಸರಿಗಷ್ಟೇ ಇದ್ದ ಒಂದು ಮಾರಾಟದ ಸಂಸ್ಥೆಯನ್ನು ನಡೆಸುತ್ತಿದ್ದನು. ಕೊಂಡಂತೆ, ಕೆನಡಾದ ಉಗ್ರಾಣಗಳಲ್ಲಿ ಇಟ್ಟಂತೆ, ಮಾರಿದಂತೆ ಕಾಗದಗಳು ಸೃಷ್ಟಿಯಾದವು. ಆ ಉಗ್ರಾಣಗಳಲ್ಲಿ ಸರಕೇ ಇರಲಿಲ್ಲ. ಕೈಗಳು ನಾಲ್ಕಿದ್ದರೂ ಮನೆ ಒಂದೇ ಆಗಿದ್ದುದರಿಂದ ಒಂದು ಕೈ ಇನ್ನೊಂದನ್ನು ತಡೆಯಲಿಲ್ಲ.

ಹೊರಗಿನ ಲೆಕ್ಕ ತನಿಖೆಗಾರರು ವರ್ಷವರ್ಷವೂ ಬಂದು ಹೋಗುತ್ತಿದ್ದರು. ಕಾಗದಕ್ಕೆ ಕಾಗದ ಹೊಂದುತ್ತಿತ್ತು. ಉಗ್ರಾಣಕ್ಕೆ ಹೋಗಿ ಸರಕು ನೋಡುವುದು ಅಂದಿನ ಪದ್ಧತಿಯಲ್ಲಿ ಕಡ್ಡಾಯವಾಗಿರಲಿಲ್ಲ. ನಿರ್ದೇಶಕ ಮಂಡಲಿಯಲ್ಲಿ ಹೆಸರುವಾಸಿಯಾದವರಿದ್ದರು. ಲಾಭ ಕಂಡಾಗ ಪ್ರಶ್ನೆ ಕೇಳುವುದು ಸೌಜನ್ಯವಲ್ಲವೆಂದು ಸುಮ್ಮನಿದ್ದರೋ ಏನೋ!

ಕೊನೆಗೆ ಸಂದೇಹ ಹುಟ್ಟಿದ್ದು ಕಂಪೆನಿಯ ಖಜಾಂಚಿ ಜೂಲಿಯನ್ ಥಾಮ್ಸನ್ನನಿಗೆ. ಕಚ್ಚಾ ಔಷಧಗಳ ವಿಭಾಗ ಅಷ್ಟೊಂದು ಲಾಭ ತೋರಿಸುತ್ತಿದ್ದರೂ ಅಲ್ಲಿಂದ ನಗದು ಕೈಗೆ ಬರುವುದೇ ಇಲ್ಲವಲ್ಲ, ಏಕೆ? ಈ ಸರಳ ಪ್ರಶ್ನೆಯ ಬೆನ್ನು ಹತ್ತಿದಾಗ ಎಲ್ಲವೂ ಬಯಲಾಯಿತು. ಸುಮಾರು 8.7 ಕೋಟಿ ಡಾಲರ್ ಆಸ್ತಿಯಲ್ಲಿ 1.9 ಕೋಟಿಯಷ್ಟು ಬರಿಯ ಬರಹ! 1938ರ ಡಿಸೆಂಬರ್ 16ರಂದು ಮ್ಯೂಸಿಕನು ಗುಂಡು ಹಾರಿಸಿಕೊಂಡು ಸತ್ತನು.

ಈ ಪ್ರಕರಣದಿಂದ ಲೋಕಕ್ಕೆ ಎರಡು ಪಾಠಗಳು ದೊರೆತವು. 1939ರಿಂದ ಅಮೆರಿಕದ ಲೆಕ್ಕಿಗರು ದಾಸ್ತಾನನ್ನು ಕಣ್ಣಾರೆ ಕಾಣಬೇಕೆಂದೂ ಸಾಲಗಾರರನ್ನು ನೇರವಾಗಿ ವಿಚಾರಿಸಬೇಕೆಂದೂ ನಿಯಮವಾಯಿತು. ತನಿಖೆಗಾರರನ್ನು ಆರಿಸುವ ಕೆಲಸ ಅಧಿಕಾರಿಗಳಲ್ಲದ ನಿರ್ದೇಶಕರ ಸಮಿತಿಯದಾಗಬೇಕೆಂಬ ಸಲಹೆಯೂ ಬಂದಿತು. ಲೆಕ್ಕದ ಕೋಣೆಯಲ್ಲಿದ್ದ ಕಾವಲಿನ ಹೊಣೆ ಹೀಗೆ ಆಡಳಿತದ ಮೇಜಿನವರೆಗೆ ಏರಿತು.

ಆದರೂ ಪಾಠ ಕಲಿತು ಮುಗಿಯಿತೆನ್ನುವಂತಿಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷ ರಾಮಲಿಂಗ ರಾಜು ಅವರು ಬರೆದ ಪತ್ರ ಓದಿ ದೇಶವೇ ಬೆರಗಾಯಿತು. ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿ ನಿಜವಾಗಿ ಇರಲೇ ಇಲ್ಲ. ಅಲ್ಲಿ ಇಲ್ಲದ ಸರಕು. ಇಲ್ಲಿ ಇಲ್ಲದ ಠೇವಣಿ. ಇಲ್ಲಿಯಂತೂ ಲೆಕ್ಕಪರಿಶೋಧನ ಸಮಿತಿಯಿತ್ತು, ಸ್ವತಂತ್ರ ನಿರ್ದೇಶಕರಿದ್ದರು. 2013ರ ಕಂಪೆನಿ ಕಾಯಿದೆಯು, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಗಳ ನಿರ್ದೇಶಕರು ಆಂತರಿಕ ಹಣಕಾಸು ನಿಯಂತ್ರಣಗಳು ಸಮರ್ಪಕವಾಗಿವೆಯೆಂದು ಹೊಣೆಹೊತ್ತು ಹೇಳಬೇಕೆಂದು ವಿಧಿಸಿತು.

ಒಳ್ಳೆಯದೇ. ಆದರೆ ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಯ ಎತ್ತರವನ್ನು ಅಳೆದು ಫಲವೇನು? ಕಂಪೆನಿಯ ಮುಖ್ಯಸ್ಥನೇ ನಿಯಮ ಮೀರಿದಾಗ ನಿಯಮ ತಾನಾಗಿ ಮಾತನಾಡದು. ಅದರ ಪರವಾಗಿ ಮಾತನಾಡುವ ಒಬ್ಬ ಮನುಷ್ಯ ಬೇಕು. ನಗದು ಎಲ್ಲಿ ಎಂದು ಥಾಮ್ಸನ್ ಕೇಳಿದ್ದು ಯಾವ ಕಾಯಿದೆಯ ಬಲದಿಂದಲೂ ಅಲ್ಲ. ಅಂಥವನು ಕೇಳಿದಾಗ ಅವನ ಕೆಲಸಕ್ಕೆ ಕುತ್ತು ಬಾರದಂತೆ ನೋಡಿಕೊಳ್ಳುವ ಕಂಪೆನಿಯಲ್ಲಿಯೇ ಷೇರುದಾರನ ಹಣ ಕ್ಷೇಮವಾಗಿದೆ.